ಶಿಕ್ಕಾ ಬೀಳದ ಅರ್ಜಿ

ಇನ್ನೂ ನಂಬಲು ಆಗುತ್ತಿಲ್ಲ...

ನಿನ್ನೆ ಸಂಜೆಯಷ್ಟೇ ಫೋನ್ ಮಾಡಿದ್ದರು.
"ಸೋಮವಾರ ಬಾಗೇವಾಡಿಗೆ ಹೋಗೂಣಪಾ ಈರಣ್ಣ. ಈ ಸಲ ನೀನೂ ಬಾ" ಅಂದಿದ್ದರು.
"ಅಂಗಡ್ಯಾಗ ಕೆಲಸ ಭಾಳ ಐತಿ ಕಾಕಾ, ನೋಡ್ತೇನಿ" ಅಂದಿದ್ದೆ...

ಇವತ್ತು ಮುಂಜಾನೆ ಅದೇ ನಂಬರಿನಿಂದ ಫೋನ್.
ಅವರೇ ಅಂದುಕೊಂಡು "ಹೇಳ್ರಿ ಕಾಕಾ" ಅಂದೆ.
ಆ ಕಡೆ ಅವರ ಮಗಳು ಅಳುತ್ತಿದ್ದಳು.
ಹಾರ್ಟ್ ಅಟ್ಯಾಕ್... ಚಹಾದ ಕಪ್ಪು ಕೈಯಲ್ಲೇ ಇತ್ತಂತೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ನಮ್ಮ ಇಂಗಳೇಶ್ವರದ ಮಲ್ಲಪ್ಪ ಕಾಕಾ. ರಿಟೈರ್ಡ್ ಪೋಸ್ಟ್‌ಮನ್.
ಸೈಕಲ್ ತುಳಿದು ಊರೂರಿಗೆ ಪತ್ರ ಮುಟ್ಟಿಸಿದವರು, ರಿಟೈರ್ ಆದಮೇಲೆ ಸರ್ಕಾರಕ್ಕೆ ಪತ್ರ ಬರೆಯಲು ಕೂತರು.
ಅವರು ಹೇಳೋದು... ನನ್ನ ಝೆರಾಕ್ಸ್ ಅಂಗಡಿಯಲ್ಲಿ ನಾನು ಟೈಪ್ ಮಾಡೋದು.
ರಸ್ತೆ ಅಗಲ ಮಾಡುವಾಗ ಬಸ್‌ಸ್ಟಾಪಿನ ಬೇವಿನ ಗಿಡ ಕಡಿಯಬೇಡಿ ಅಂತ ಒಂದು ಅರ್ಜಿ. ಗಿಡ ಉಳಿಯಿತು.
ಈಗ ಅದರ ಕೆಳಗೇ ಕೂತು ಇದನ್ನು ಬರೆಯುತ್ತಿದ್ದೇನೆ.

ಅವರದು ಒಂದೇ ರೂಲ್.
ಅರ್ಜಿ ಎರಡು ಪ್ರತಿ ಇರಬೇಕು. ಒಂದು ಆಫೀಸಿಗೆ.
ಇನ್ನೊಂದರ ಮೇಲೆ, ತಲುಪಿದೆ ಅಂತ ಟಪಾಲು ಕ್ಲಾರ್ಕ್ ಕೈಯಿಂದ ಶಿಕ್ಕಾ, ಅಂದರೆ ಆಫೀಸಿನ ಸೀಲು, ಹಾಕಿಸಿಕೊಂಡು ಬಂದು ಫೈಲಿಗೆ ಸೇರಿಸಬೇಕು.
"ಶಿಕ್ಕಾ ಬೀಳೂತನಕ ಅದು ಬರೀ ಹಾಳಿ" ಅನ್ನುತ್ತಿದ್ದರು.

ಕೊನೆಯ ಅರ್ಜಿ ಮುಂಜಾನೆ ಎಂಟರ ಬಸ್ಸಿಗಾಗಿ...
ಬಾಗೇವಾಡಿಯ ಕಾಲೇಜಿಗೆ ಹೋಗುವ ನಮ್ಮೂರ ಹುಡುಗಿಯರಿಗಾಗಿ.
ನಿಮಗೆಲ್ಲ ಆ ಫೋಟೋ ನೆನಪಿರಬೇಕು. ನೀವೇ ಶೇರ್ ಮಾಡಿದ್ದೀರಿ.
ಬಾಗೇವಾಡಿಯ ಬಸ್ ಆಫೀಸಿನ ಮೆಟ್ಟಿಲು... ನಡುವೆ ಸಾಹೇಬರು... ಅರ್ಜಿಯ ಒಂದೊಂದು ತುದಿ ಹಿಡಿದು ನಿಂತ ಕಾಕಾ ಮತ್ತು ಹುಡುಗಿಯರು.
ಪೇಪರಿನಲ್ಲೂ ಬಂತು, ಮನವಿ ಸಲ್ಲಿಸಿದರು ಅಂತ.

ಇವತ್ತು ನಿಮ್ಮೆಲ್ಲರ ಮುಂದೆ ಒಂದು ಮಾತು ಹೇಳಬೇಕು.
ಆ ಮನವಿ ಸಲ್ಲಿಕೆ ಆಗಲೇ ಇಲ್ಲ.

ಕಾಕಾ...
ಇದನ್ನ ನಿಮ್ಮ ಮುಂದ ಹೇಳಬೇಕಿತ್ತು. ಈಗ ಊರ ಮುಂದ ಹೇಳಾಕತ್ತೇನಿ.

ಆವತ್ತು ಒಂದು ಫೋಟೋದಾಗ ಸಾಹೇಬರು ಕಣ್ಣು ಮುಚ್ಚಿದ್ರು. ಇನ್ನೊಂದರಾಗ ನಿಮ್ಮ ಟೋಪಿ ಅಡ್ಡ ಬಂತು.
ಫೋಟೋ ಚಲೋ ಬರಲಿ ಅಂತ ನಾಲ್ಕು ಸಲ ಅರ್ಜಿ ಕೊಡಿಸಿದೆ... ನಾಲ್ಕು ಸಲ ವಾಪಸ್ ಇಸ್ಕೊಂಡೆ.
ಸಾಹೇಬರು ಜೀಪ್ ಹತ್ತಿದ್ರು.
ಹುಡುಗ್ಯಾರಿಗೆ ಕ್ಲಾಸಿಗೆ ಹೊತ್ತಾಗತೈತಿ ಅಂತ ನೀವು ಅವರನ್ನ ಕಾಲೇಜಿಗೆ ಕರಕೊಂಡು ಹೋದ್ರಿ.
"ಶಿಕ್ಕಾ ಹಾಕಿಸ್ಕೊಂಡು ಬಾರಪಾ" ಅಂತ ನನಗ ಹೇಳಿ ಹೋದ್ರಿ.
ನಾನು ಫೋಟೋ ಪೇಪರಿನವರಿಗೆ ಕಳಿಸಾಕ ಅಂತ ಎದುರಿನ ಚಹಾದಂಗಡ್ಯಾಗ ಕುಂತೆ. ಕುಂತವ ಹಂಗ ಊರಿಗೆ ಬಂದೆ...
ಸಂಜಿಗೆ ಬ್ಯಾಗ್ ತೆಗದರ ಎರಡೂ ಪ್ರತಿ ಅದರಾಗ ಅದಾವ.

ಅಷ್ಟರಾಗ ನಿಮ್ಮ ಫೋನ್. "ಶಿಕ್ಕಾ ಬಿತ್ತೇನಪಾ?"
"ಬಿದ್ದೈತಿ ಕಾಕಾ" ಅಂದೆ.
ನಾಳೆ ಹೋಗಿ ಕೊಟ್ಟರಾತು ಅಂದ್ಕೊಂಡೆ. ನಾಳೆ... ನಾಡಿದ್ದು...
ಆಮ್ಯಾಲ ಕೊಡಾಕೂ ಅಂಜಿಕಿ. ಶಿಕ್ಕಾದಾಗ ತಾರೀಖು ಇರತೈತಲ್ಲ, ಸುಳ್ಳು ಹೊರಗ ಬೀಳತೈತಿ ಅಂತ.

ನೀವು ಸೋಮವಾರಕ್ಕೊಮ್ಮೆ ಹೋಗಿ ಕೇಳಿದ್ರಿ.
ಕ್ಲಾರ್ಕ್ ರಿಜಿಸ್ಟರ್ ತಿರುವಿ ತಿರುವಿ ನೋಡಿ "ಬಂದಿಲ್ರಿ ಅಜ್ಜಾರ" ಅಂದ.
"ಜನ್ಮಾ ಪೂರ್ತಿ ಟಪಾಲ ಮುಟ್ಟಿಸಿದಾವ ನಾನು. ನನಗ ಸುಳ್ಳ ಹೇಳ್ತೀ ಏನು?" ಅಂತ ಪೇಪರ್ ಕಟಿಂಗ್ ತೋರಿಸಿ ಅವನ್ನ ಬೈದು ಬಂದ್ರಿ.
ಅವ ಖರೇನ ಹೇಳಿದ್ದ ಕಾಕಾ...
ನಮ್ಮ ಗ್ರೂಪಿನಾಗ ಎಲ್ಲಾರೂ ಅವನಿಗೆ ಬೈದ್ರು. ನಾನೂ ಒಂದು ಸಿಟ್ಟಿನ ಇಮೋಜಿ ಹಾಕಿದೆ. ಥೂ ನನ್ನ ಜನ್ಮಕ್ಕ.

ಶಿಕ್ಕಾದ ಪ್ರತಿ ತಾ ಅಂತ ನೀವು ನನ್ನ ಎರಡು ಸಲ ಕೇಳಿದ್ರಿ.
ಎರಡೂ ಸಲ "ಅಂಗಡ್ಯಾಗ ಎಲ್ಲೋ ಐತಿ, ಹುಡುಕ್ತೇನಿ" ಅಂದೆ.
ಮೂರನೇ ಸಲ ಕೇಳಲಿಲ್ಲ ನೀವು.

ಎಂಟರ ಬಸ್ಸು ಬರಲಿಲ್ಲ...
ಹುಡುಗಿಯರು ಟಂಟಂ ಆಟೋದಲ್ಲಿ ಒಬ್ಬರ ಮೇಲೊಬ್ಬರು ಕೂತು ಹೋಗುತ್ತಿದ್ದಾರೆ.
ಆ ಫೋಟೋದಲ್ಲಿ ಕಾಕಾನ ಪಕ್ಕ ನಿಂತ ಸಾವಿತ್ರಿ ಎರಡನೇ ವರ್ಷಕ್ಕೆ ಹೋಗಲಿಲ್ಲ. "ಬಸ್ ಬಂದ ಮ್ಯಾಲ ನೋಡೂಣು" ಅಂದರಂತೆ ಅವರಪ್ಪ.
ಅರ್ಜಿ ಕೊಟ್ಟಿದ್ದರೂ ಬಸ್ಸು ಬರುತ್ತಿತ್ತೋ ಇಲ್ಲವೋ, ಯಾರಿಗೆ ಗೊತ್ತು.
ಆದರೆ ಕೊಡಲಿಲ್ಲವಲ್ಲ... ಅದು ನನ್ನ ತಪ್ಪು.

ಈಗಷ್ಟೇ ಅವರ ಮನೆಗೆ ಹೋಗಿ ಬಂದೆ.
ಹಣೆ ತುಂಬ ವಿಭೂತಿ ಹಚ್ಚಿ, ಹಾರ ಹಾಕಿ ಕೂಡಿಸಿದ್ದಾರೆ.
ಕಾಕಾನ ಹೆಂಡತಿ, ನಮ್ಮ ಕಾಕು, ಒಳಗಿನಿಂದ ಅರ್ಜಿಗಳ ಫೈಲ್ ತಂದು ನನ್ನ ಕೈಗಿಟ್ಟರು. "ಇದು ಈರಣ್ಣನ ಕಡೆ ಇರಲಿ ಅಂತಿದ್ರಪಾ" ಅಂದರು.
ತೆರೆದು ನೋಡಿದೆ... ಒಂದೊಂದು ಅರ್ಜಿಯ ಮೇಲೂ ಶಿಕ್ಕಾ, ತಾರೀಖು.
ಕೊನೆಯ ಹಾಳೆಗೆ ಆ ಪೇಪರ್ ಕಟಿಂಗ್ ಅಂಟಿಸಿದ್ದಾರೆ.
ಕೆಳಗೆ ಅವರ ದುಂಡು ಅಕ್ಷರ:
"ಶಿಕ್ಕಾ ಪ್ರತಿ ಈರಣ್ಣನ ಹತ್ತಿರ ಇದೆ."

ಅಷ್ಟೇ ಬರೆದಿದ್ದಾರೆ...
ಸುಳ್ಳು ಅಂತ ಅವರಿಗೆ ಗೊತ್ತಿತ್ತೋ ಏನೋ. ಗೊತ್ತಿರಲಿಲ್ಲ ಅಂದರೆ ನನಗೆ ಇನ್ನೂ ಸಂಕಟ.

ಇವತ್ತು ನಾಲ್ಕಕ್ಕೆ ಅವರ ಹೊಲದಲ್ಲೇ ಮಣ್ಣು. ಬರುವವರು ಬನ್ನಿ.
ನಾಳೆ ಸೋಮವಾರ... ನಾನು ಬಾಗೇವಾಡಿಗೆ ಹೋಗುತ್ತೇನೆ.
ಮೊದಲು ಆ ಕ್ಲಾರ್ಕ್ ಮುಂದೆ ನಿಂತು ತಪ್ಪಾಯಿತು ಅನ್ನಬೇಕು.
ಆಮೇಲೆ ಅದೇ ಅರ್ಜಿ, ಕಾಕಾನ ಸಹಿ ಇದ್ದದ್ದನ್ನೇ ಕೊಡುತ್ತೇನೆ. ಬೀಳಲಿ ನಾಳೆಯ ತಾರೀಖು.
ಯಾರೂ ಫೋಟೋಕ್ಕೆ ಬರಬೇಡಿ.

ಹೋಗಿ ಬರ್ರಿ ಕಾಕಾ...
ನಿಮ್ಮ ಆತ್ಮ ತಣ್ಣಗಿರಲಿ.
ಶಿಕ್ಕಾದ ಪ್ರತಿ ನಾನು ನಾಳೆ ಫೈಲಿಗೆ ಹಚ್ಚತೇನಿ.