ಅಳಿಸಿದರೂ ತುಂಬಿದ್ದ ಜಾಗ

ಆ ಮ್ಯಾನೇಜರ್ ನೆನಪಾದರೆ ನನಗೆ ಈಗಲೂ ವಾಕರಿಕೆ ಬರುತ್ತದೆ. ‘ಅವರು’ ಅನ್ನಲು ನಾಲಿಗೆ ಹೊರಳುವುದಿಲ್ಲ, ಆದ್ದರಿಂದ ಅವನು ಎಂದೇ ಬರೆಯುತ್ತೇನೆ.

ತೊಂಬತ್ತರ ದಶಕದ ಕೊನೆ. ಜಯನಗರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಎಲ್ಲರ ಫೈಲುಗಳೂ ಒಂದೇ ಹಳೆಯ ಯೂನಿಕ್ಸ್ ಯಂತ್ರದಲ್ಲಿದ್ದವು, ಅದನ್ನು ನೋಡಿಕೊಳ್ಳುವವಳು ನಾನು. ಅವನು ಶುಕ್ರವಾರ ಬಂತೆಂದರೆ ಆ ಯಂತ್ರಕ್ಕೆ ಕುಂಕುಮ ಹಚ್ಚಿ ಊದುಬತ್ತಿ ಬೆಳಗುತ್ತಿದ್ದ. ಆಫೀಸಿನ ಹೆಣ್ಣುಮಕ್ಕಳೆಲ್ಲ ಅವನಿಗೆ ‘ಅಮ್ಮಾ’. ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ.

ಧಾರವಾಡದ ಕಡೆಯ ಹುಡುಗಿಯೊಬ್ಬಳು ಹೊಸದಾಗಿ ಸೇರಿದ್ದಳು, ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದಳು. ಗಂಡಿನ ಕಡೆಯವರಿಗೆ ಫೋಟೋ ಕಳಿಸಬೇಕಿತ್ತು. “ನಮ್ಮ ಸ್ಕ್ಯಾನರ್‌ನಲ್ಲೇ ಮಾಡ್ಕೋಮ್ಮ, ನಮ್ಮನೆ ಮಗಳಿದ್ದ ಹಾಗೆ ನೀನು” ಎಂದು ಧಾರಾಳ ತೋರಿಸಿದವನು ಅವನೇ. ಅವಳು ಫೋಟೋಗಳನ್ನು ಮೇಲ್‌ನಲ್ಲಿ ಕಳಿಸಿ, ಡಿಸ್ಕಿನಿಂದ ಅಳಿಸಿದಳು. ಮರುದಿನ ನನ್ನ ಹತ್ತಿರ ಬಂದಳು.

“ಎಲ್ಲಾ ತಗದ್ಹಾಕೀನ್ರಿ ಅಕ್ಕಾರ. ಆದ್ರೂ ನಿನ್ನ ಜಾಗಾ ತುಂಬೇತಿ ಅಂತ ತೋರಸಾಕತ್ತೈತಿ.”

ಆ ಯಂತ್ರದಲ್ಲಿ ಒಬ್ಬೊಬ್ಬರಿಗೆ ಇಷ್ಟೇ ಜಾಗ ಎಂಬ ಮಿತಿಯಿತ್ತು. ಒಂದೇ ಫೈಲಿಗೆ ಎರಡು ಮೂರು ಹೆಸರಿಡಬಹುದಿತ್ತು. ಅಳಿಸುವುದೆಂದರೆ ಒಂದು ಹೆಸರನ್ನು ಕೀಳುವುದು, ಅಷ್ಟೇ. ಹೆಸರುಗಳ ಎಣಿಕೆ ಸೊನ್ನೆಗೆ ಇಳಿಯುವ ತನಕ ಫೈಲು ಸಾಯುವುದಿಲ್ಲ, ಮಾಡಿದವರ ಲೆಕ್ಕದಲ್ಲೇ ಜಾಗ ತಿನ್ನುತ್ತಿರುತ್ತದೆ. ಇವಳ ಫೈಲಿಗೆ ಬೇರೆ ಯಾರೋ ಹೆಸರಿಟ್ಟಿದ್ದಾರೆ ಎಂದು ಅನುಮಾನ ಬಂದು, ಇವಳು ಯಜಮಾನಿಯಾಗಿರುವ ಫೈಲುಗಳನ್ನು ಡಿಸ್ಕಿನ ತುಂಬ ಹುಡುಕಿಸಿದೆ. ಸಿಕ್ಕಿದ್ದು ಮ್ಯಾನೇಜರ್ ತನ್ನ ಫೈಲುಗಳನ್ನಿಡುವ ಡೈರೆಕ್ಟರಿಯಲ್ಲಿ, ‘ರಿಪೋರ್ಟ್ ಒಂದು’, ‘ರಿಪೋರ್ಟ್ ಎರಡು’ ಎಂಬಂಥ ಹೆಸರುಗಳಲ್ಲಿ. ತೆರೆದು ನೋಡಿದರೆ ಮೈಸೂರು ಸಿಲ್ಕ್ ಉಟ್ಟು, ಮಲ್ಲಿಗೆ ಮುಡಿದು ನಿಂತ ಇದೇ ಹುಡುಗಿ.

ಮೈಮೇಲೆ ಹಲ್ಲಿ ಬಿದ್ದ ಹಾಗಾಯಿತು. ಅವಳೂ ನನ್ನ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ನಾನೇ ತೆಗೆದುಹಾಕುತ್ತೇನೆ ಎಂದೆ.

“ಬ್ಯಾಡ್ರಿ. ನಾನs ಮಾಡ್ತೀನಿ.”

ಅವನ ಡೈರೆಕ್ಟರಿಯಿಂದ ಹೆಸರು ಕೀಳುವ ಅಧಿಕಾರ ಅವಳಿಗಿರಲಿಲ್ಲ. ಆದರೆ ಫೈಲು ಅವಳದು, ಒಳಗಿರುವುದನ್ನು ಬರಿದು ಮಾಡಬಹುದಿತ್ತು. ನಾನು ಹೇಳಿಕೊಟ್ಟೆ, ಅವಳು ಒಂದೊಂದನ್ನೇ ಬರಿದು ಮಾಡಿದಳು. ಅವನ ಬಳಿ ಉಳಿದದ್ದು ಖಾಲಿ ಹೆಸರುಗಳು.

ಇಷ್ಟಾದ ಮೇಲಾದರೂ ಬಾಯಿ ಮುಚ್ಚಿಕೊಂಡಿರುತ್ತಾನೆ ಎಂದುಕೊಂಡಿದ್ದೆ. ನಾಚಿಕೆಗೆಟ್ಟವನು ಸಂಜೆ ನನ್ನ ಮೇಜಿಗೇ ಬಂದ.

“ನನ್ ರಿಪೋರ್ಟ್ಸ್ ಎಲ್ಲಾ ಖಾಲಿ ಆಗ್ಬಿಟ್ಟಿದೆ. ನಿನ್ನೆ ಬ್ಯಾಕಪ್ ಟೇಪಿಂದ ವಾಪಸ್ ಹಾಕ್ಕೊಡಮ್ಮ.”

ಅವನ ಬೆರಳಲ್ಲಿ ಕುಂಕುಮದ ಕೆಂಪು ಇನ್ನೂ ಇತ್ತು. ಹಿಂದಿನ ಕುರ್ಚಿಯಿಂದ ಅವಳು ಎದ್ದು ನಿಂತಳು.

“ಸರ, ಅವು ನನ್ನ ಫೋಟೋ ಅದಾವ್ರೀ.”

ಆಫೀಸಿನಲ್ಲಿ ಎಲ್ಲರ ಕೀಬೋರ್ಡೂ ನಿಂತಿತು. ಅವನು ಅವಳ ಕಡೆ ತಿರುಗಲಿಲ್ಲ. ನನಗೇ ಹೇಳಿದ: “ಆಫೀಸ್ ಡಿಸ್ಕಲ್ಲಿ ಪರ್ಸನಲ್ ಫೋಟೋ ಇಡೋ ಹಾಗಿಲ್ಲ ಅಂತ ಈ ಹುಡುಗೀರಿಗೆ ಸ್ವಲ್ಪ ಹೇಳಮ್ಮ.”

“ನಾ ಅವತ್ತs ಅಳಿಸೀನ್ರಿ ಸರ,” ಎಂದಳು ಅವಳು. “ಇಟ್ಕೊಂಡಾವ್ರು ನೀವು.”