ಎಂಟನೇ ನಂಬರಿನ ಬೂಟು

ಅಪ್ಪನ ಬೇಟೆಯ ಬೂಟನ್ನು ಒಂದು ನಂಬರ್ ಚಿಕ್ಕದಾಗಿ ತಂದುಕೊಟ್ಟವಳು ನಾನು. ಅಂಗಡಿಯವನ ತಪ್ಪಲ್ಲ, ನನ್ನ ಮರೆವೂ ಅಲ್ಲ — ಬೇಕೆಂದೇ ತಂದೆ. ಮೂರು ವರ್ಷವಾಯಿತು, ಯಾರಿಗೂ ಹೇಳಿಲ್ಲ.

ನನ್ನ ತವರು ಕೆಂಗೇರಿಯ ಆಚೆ. ಹೊಲಗಳೆಲ್ಲ ಲೇಔಟ್ ಆದರೂ, ಯುಗಾದಿಯ ಮರುದಿನ, ಹೊಸತೊಡಕಿನ ಬೆಳಿಗ್ಗೆ, ಅಪ್ಪ ಮತ್ತವರ ಗೆಳೆಯರು ಬೇಟೆಗೆ ಹೊರಡುವುದು ಮಾತ್ರ ನಿಂತಿರಲಿಲ್ಲ. ಬೇಟೆ ಎನ್ನುವುದು ಹೆಸರಿಗಷ್ಟೆ. ಮೊಲ ಹಿಡಿಯುವುದು ಈಗ ಅಪರಾಧ; ಹಿಡಿಯೋಣವೆಂದರೆ ಮೊಲವೂ ಇಲ್ಲ. ಕೈಯಲ್ಲೊಂದು ದೊಣ್ಣೆ, ಹಿಂದೊಂದು ನಾಯಿ. ಗುಡ್ಡದ ಪೊದೆಗಳಲ್ಲಿ ಮಧ್ಯಾಹ್ನದವರೆಗೆ ಅಲೆದು, ಬರುವಾಗ ಮಟನ್ ಅಂಗಡಿಯ ಕ್ಯೂನಲ್ಲಿ ನಿಲ್ಲುತ್ತಿದ್ದರು. "ಈ ಸಲಾನೂ ಮೊಲ ಕುರಿ ಆಗ್ಬುಡ್ತಾ?" ಎನ್ನುತ್ತಾ ಅಮ್ಮ ಚೀಲ ಇಸಿದುಕೊಳ್ಳುತ್ತಿದ್ದಳು.

ಅಮ್ಮ ತೀರಿಕೊಂಡ ವರ್ಷವೂ ಅಪ್ಪ ಬೇಟೆಗೆ ಹೋದರು. ಚಪ್ಪಲಿ ಜಾರಿ ಹಳೆಯ ಕ್ವಾರಿಯ ಅಂಚಿನಲ್ಲಿ ಬಿದ್ದವರನ್ನು ಗೆಳೆಯರು ಎತ್ತಿಕೊಂಡು ಬಂದರು. ಮರುವರ್ಷ ಬೇಡವೆಂದು ಬೇಡಿಕೊಂಡೆ. ಹಾಗಾದರೆ ಒಳ್ಳೆಯ ಬೂಟು ತಂದುಕೊಡು ಎಂದು ನಕ್ಕರು. ತಮ್ಮ ತಾನು ತರುತ್ತೇನೆಂದರೆ ಒಪ್ಪಲಿಲ್ಲ. "ಅವ್ಳು ಕಾನ್ವೆಂಟಲ್ಲಿ ಓದಿರೋಳು ಕಣೋ, ಡಬ್ಬದ ಮೇಲಿರೋ ಇಂಗ್ಲಿಷ್ ಎಲ್ಲಾ ಓದ್ಕೊಂಡ್ ತರ್ತಾಳೆ" ಎಂದರು. ಪೇಪರಿನ ಹಾಳೆಯ ಮೇಲೆ ನಿಂತು, ಪಾದದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಸಿ ಕೊಟ್ಟರು.

ವಿಜಯನಗರದ ಅಂಗಡಿಯಾತ ತಾಳ್ಮೆಯಿಂದ ತೋರಿಸಿದ. ಕಾಲಿನ ಗಿಣ್ಣು ಮುಚ್ಚುವಷ್ಟು ಎತ್ತರ, ಮುಳ್ಳು ತೂರದ ದಪ್ಪ ಚರ್ಮ, ಬಂಡೆಯ ಮೇಲೆ ಜಾರದಂತೆ ಅಡಿಯಲ್ಲಿ ಆಳದ ಗೀರುಗಳು. ಹಾಳೆಯ ಮೇಲೆ ಬೂಟಿಟ್ಟು ನೋಡಿ, ದಪ್ಪ ಕಾಲುಚೀಲ ಹಾಕುತ್ತಾರೆ, ಮುಂದೆ ಹೆಬ್ಬೆರಳಷ್ಟು ಜಾಗ ಇರಬೇಕು, ಒಂಬತ್ತು ತೆಗೆದುಕೊಳ್ಳಿ ಎಂದ.

"ಎಂಟೇ ಕೊಡಿ," ಎಂದೆ.

"ಕಚ್ಚುತ್ತೆ ಆಂಟಿ."

"ಪರ್ವಾಗಿಲ್ಲ, ಕೊಡಿ."

ಕಚ್ಚಲಿ ಎಂದೇ... ಅರ್ಧ ದಾರಿಯಲ್ಲಿ ನೋವು ತಡೆಯಲಾರದೆ, ನನ್ನನ್ನು ಬೈದುಕೊಂಡಾದರೂ ಮನೆಗೆ ಬಂದುಬಿಡಲಿ — ನನಗೆ ಬೇಕಿದ್ದದ್ದು ಅಷ್ಟೇ.

ಅವರು ಬರಲಿಲ್ಲ. ಮಧ್ಯಾಹ್ನದವರೆಗೂ ನಡೆದರು. ಸಂಜೆ ಫೋನ್ ಮಾಡಿ, "ಚೆನ್ನಾಗೈತೆ ಕಣವ್ವ, ಒಂಚೂರೂ ನೋವಿಲ್ಲ" ಎಂದರು.

ಸಕ್ಕರೆ ಕಾಯಿಲೆ ಅವರ ಪಾದಗಳಲ್ಲಿ ನೋವನ್ನೇ ಉಳಿಸಿರಲಿಲ್ಲ. ನನಗೆ ಗೊತ್ತಿರಲಿಲ್ಲ ಎನ್ನಲೇ? ಅದರ ಹಿಂದಿನ ತಿಂಗಳು ನಮ್ಮ ಮನೆಗೆ ಬಂದಾಗ, ಒಂದು ಚಪ್ಪಲಿ ಗೇಟಿನ ಬಳಿಯೇ ಕಳಚಿ ಉಳಿದದ್ದು ತಿಳಿಯದೆ, ಕಾದ ಕಲ್ಲುಹಾಸಿನ ಮೇಲೆ ಹಾಗೆಯೇ ನಡೆದು ಬಂದಿದ್ದರು. ನೋಡಿದ್ದೆ. ನೋಡಿ ನಕ್ಕಿದ್ದೆ.

ಐದು ದಿನದ ಮೇಲೆ, ಒಗೆಯಲು ಹಾಕಿದ್ದ ಕಾಲುಚೀಲದಲ್ಲಿ ಕಲೆಯನ್ನು ಕಂಡವಳು ತಮ್ಮನ ಹೆಂಡತಿ. ಅಷ್ಟರಲ್ಲಿ ಹುಣ್ಣು ಕೊಳೆತಿತ್ತು. ಬಲಗಾಲಿನ ಮೂರು ಬೆರಳು ತೆಗೆದರು. ಬೂಟು ಬಿಗಿಯಾಗಿತ್ತೇ ಎಂದು ಡಾಕ್ಟರ್ ಕೇಳಿದಾಗ ನಾನು ಮಂಚದ ಪಕ್ಕದಲ್ಲೇ ಇದ್ದೆ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದರು —

"ಬೂಟಿಂದೇನಿಲ್ಲ ಸಾರ್. ಅದು ನನ್ ಮಗಳು ತಂದಿದ್ದು."

ಆಗ ಮುಚ್ಚಿದ ಬಾಯಿ...

ಈಗ ಹೊಸತೊಡಕಿನ ಬೆಳಿಗ್ಗೆ ಗೆಳೆಯರು ಅಪ್ಪನ ಮನೆಯ ಮುಂದೆ ಮಾತು ನಿಲ್ಲಿಸಿ ದಾಟಿಹೋಗುತ್ತಾರಂತೆ. ನನಗಂತೂ ಅಪ್ಪನ ಆ ನಡಿಗೆ ಬೇಕು — ಕೈ ಹಿಂದೆ ಕಟ್ಟಿ, ಹಿಮ್ಮಡಿ ಊರಿ ಊರಿ, ಹತ್ತು ಹೆಜ್ಜೆಗೊಮ್ಮೆ ನಿಂತು ಯಾವುದೋ ಎಲೆಯನ್ನು ಮುಟ್ಟಿ ಮುಂದೆ ಹೋಗುವುದು. ಅತ್ತಿಗುಪ್ಪೆಯ ಮೆಟ್ರೋದಲ್ಲಿ ಯಾರೋ ಹಿರಿಯರು ಹಾಗೆ ನಡೆದರೆ, ನಾನು ಹೋಗಬೇಕಾದ ಕಡೆ ಬಿಟ್ಟು ಅವರ ಹಿಂದೆಯೇ ಒಂದಿಷ್ಟು ದೂರ ಹೋಗಿಬಿಡುತ್ತೇನೆ. ಅವರು ತಿರುಗಿ ನೋಡಿದಾಗ — ಬೇರೆ ಯಾರದೋ ಮುಖ.

ಮೊನ್ನೆ ಅಪ್ಪ ಫೋನ್ ಮಾಡಿದ್ದರು. ಬೆರಳಿಲ್ಲದ ಕಾಲಿಗೂ ಅಳತೆ ಕೊಟ್ಟು ಬೂಟು ಮಾಡಿಸಬಹುದಂತೆ. ಬರುವ ಯುಗಾದಿಗೆ ಗುಡ್ಡದ ಬುಡದವರೆಗಾದರೂ ಹೋಗಿ ಬರಬೇಕಂತೆ. ನಾನೇ ಬಂದು ಆರಿಸಬೇಕಂತೆ.

ಭಾನುವಾರ ಹೋಗುತ್ತಿದ್ದೇನೆ. ಅಂಗಡಿಗೆ ಹೊರಡುವ ಮೊದಲು, ತಮ್ಮನೂ ಅವನ ಹೆಂಡತಿಯೂ ಇರುವಾಗಲೇ ಹೇಳುತ್ತೇನೆ — ಅಪ್ಪ, ಅಂಗಡಿಯವನು ಒಂಬತ್ತು ಅಂದ, ಎಂಟು ಕೇಳಿದವಳು ನಾನು. ಆಮೇಲೆ ಅವರು ನನ್ನ ಭುಜ ಹಿಡಿದು ಆಟೋ ಹತ್ತುತ್ತಾರೋ, ತಮ್ಮನನ್ನು ಕರೆಯುತ್ತಾರೋ, ಅದು ಅವರಿಗೆ ಬಿಟ್ಟದ್ದು.