ಹರಿದುಹೋದ ಒಂದೂವರೆ ಸೆಕೆಂಡು

ಬೆಳಗಿನ ಐದೂಮುಕ್ಕಾಲು. ಮದ್ರಾಸಿನ ವಡಪಳನಿಯ ಫಿಲ್ಮ್ ಲ್ಯಾಬೊಂದರ ಹಿಂಬದಿಯ ಕೋಣೆಯಲ್ಲಿ ಜಲಜಾಕ್ಷಿ ಕೈಬಳೆಗಳನ್ನು ಒಂದೊಂದಾಗಿ ಬಿಚ್ಚಿ ಗೋಡೆಯ ಮೊಳೆಗೆ ತೂಗುಹಾಕುತ್ತಾರೆ. ಮುಡಿಯಲ್ಲಿ ಹೂವಿಲ್ಲ, ಮುಖಕ್ಕೆ ಪೌಡರ್ ಇಲ್ಲ. ಉದುರುವ ಎಸಳು, ಹಾರುವ ಪೌಡರು, ಗೀರುವ ಬಳೆ, ಈ ಮೂರೂ ನೆಗೆಟಿವಿಗೆ ಆಗಿಬರುವುದಿಲ್ಲ. ತಲೆಯ ಮೇಲೆ ಫ್ಯಾನ್ ಇದೆ. ತಿರುಗಿದರೆ ಧೂಳೇಳುತ್ತದೆ ಎಂದು ಅದನ್ನು ತಿರುಗಿಸಿದವರಿಲ್ಲ. ಬಿಸಿಲೇರುವ ಮುಂಚೆ ಅರ್ಧ ಕೆಲಸ ಮುಗಿಯಬೇಕು. ಬೆವರು ಕೂಡ ಶತ್ರುವೇ.

ಬಿಳಿಯ ಹತ್ತಿಯ ಕೈಗವಸು ತೊಟ್ಟು ಅವರು ದೀಪದ ಗಾಜಿನ ಮುಂದೆ ಕೂರುತ್ತಾರೆ. ಎಡಗಡೆ, ಎಡಿಟರು ಕತ್ತರಿಸಿ ಜೋಡಿಸಿದ ಪ್ರತಿ. ಬಲಗಡೆ, ಕ್ಯಾಮೆರಾದೊಳಗಿಂದ ಬಂದ ಮೂಲ ನೆಗೆಟಿವ್. ಎರಡರ ಅಂಚಿನಲ್ಲೂ ಇರುವೆ ಗಾತ್ರದ ನಂಬರುಗಳಿವೆ. ನಂಬರಿಗೆ ನಂಬರು ಹೊಂದಿಸಿ, ನೆಗೆಟಿವನ್ನು ಕತ್ತರಿಸಿ, ತುದಿಯನ್ನು ಬ್ಲೇಡಿನಿಂದ ಕೆರೆದು, ಮೂಗಿಗೆ ಹತ್ತುವ ವಾಸನೆಯ ಅಂಟು ಸವರಿ, ಹದಿನೈದು ಎಣಿಸುವವರೆಗೆ ಒತ್ತಿ ಹಿಡಿಯಬೇಕು. ಒಂದು ಚಿತ್ರಕ್ಕೆ ಸಾವಿರದಿಂದ ಸಾವಿರದಿನ್ನೂರು ಜೋಡಣೆ. ದಿನಕ್ಕೆ ನೂರೈವತ್ತು ಆದರೆ ಒಳ್ಳೆಯ ದಿನ. ಒಂಬತ್ತು ವರ್ಷಗಳಲ್ಲಿ ಅವರು ಅಂಟಿಸಿದ ಚಿತ್ರಗಳು ಎಪ್ಪತ್ತೊಂದು. ಅವುಗಳಲ್ಲಿ ಥಿಯೇಟರಿನಲ್ಲಿ ಕೂತು ನೋಡಿದ್ದು ಐದು.

"ನೋಡಿ ಎಂತ ಮಾಡುದು ಮಾರಾಯ್ರೆ?" ಎನ್ನುತ್ತಾರೆ. "ನಾನು ನೋಡುದು ನಂಬರು ಮಾತ್ರ. ಚಿತ್ರ ನೋಡ್ಲಿಕ್ಕೆ ಹೋದ್ರೆ ಕೆಲಸ ಕೆಡ್ತದೆ."

ಕಡೆಯ ಮಾತು ಹೇಳುವಾಗ ಅವರ ದನಿ ತಗ್ಗುತ್ತದೆ. ಅದರ ಕಾರಣಕ್ಕೆ ಆಮೇಲೆ ಬರೋಣ.

ನೆಗೆಟಿವಿನ ಲೋಕದಲ್ಲಿ ಬಿಳಿಯದೆಲ್ಲ ಕಪ್ಪು, ಕಪ್ಪೆಲ್ಲ ಬಿಳಿ. ಪರದೆಯ ಮೇಲೆ ಊರು ಹುಚ್ಚೆದ್ದು ನೋಡುವ ನಾಯಕ ಜಲಜಾಕ್ಷಿಯವರ ಪಾಲಿಗೆ ನರೆಗೂದಲಿನ, ಕರಿಹಲ್ಲಿನ ಮನುಷ್ಯ. ಅಂಥವರೊಬ್ಬರು ಒಮ್ಮೆ ಲ್ಯಾಬಿಗೆ ಬಂದು ನಕ್ಕಾಗ ಇವರು "ಯಾರು ಬೇಕಿತ್ತು?" ಎಂದು ಕೇಳಿದ್ದು ಇಂದಿಗೂ ಕ್ಯಾಂಟೀನಿನಲ್ಲಿ ಚಾಲ್ತಿಯಲ್ಲಿರುವ ಕತೆ. ವೆಸ್ಟ್ ಮಾಂಬಲಂನ ಅವರ ಬಾಡಿಗೆ ಮನೆಯಲ್ಲಿ ನಡೆಯುವ ಕತೆ ಬೇರೆ. ಸಂಜೆ ಬಳೆ ತೊಡಲು ಮರೆತು ಹೋದ ದಿನ ಮನೆಯೊಡತಿ ಅಂಬುಜಾ ಮಾಮಿ ಬರಿಗೈ ಕಂಡು ಬಾಗಿಲಲ್ಲೇ ತಡೆಯುತ್ತಾರೆ: "ಎನ್ನಡೀ, ಕೈ ಮೂಳಿಯಾ ಇರುಕ್ಕು! ಗಂಡ ಗುಂಡುಕಲ್ಲಿನ ಹಾಗೆ ಇದ್ದಾನಲ್ಲ!" ಗುಂಡುಕಲ್ಲಿನಂಥ ಗಂಡ ಕೃಷ್ಣರಾಜ, ವಿಮಾ ಕಚೇರಿಯ ಗುಮಾಸ್ತ, ಒಳಗಿನಿಂದಲೇ ಕೂಗುತ್ತಾರೆ: "ನನ್ನ ಆಯುಷ್ಯ ಲ್ಯಾಬಿನ ಮೊಳೆಯಲ್ಲಿ ನೇತಾಡ್ತಾ ಉಂಟು ಮಾಮಿ, ಚಿಂತೆ ಮಾಡ್ಬೇಡಿ."

ಜಲಜಾಕ್ಷಿ ಹುಟ್ಟಿದ್ದು ಉಡುಪಿಯ ಕಡೆ, ಬೆಳೆದದ್ದು ಪೆರಂಬೂರಿನಲ್ಲಿ. ತಂದೆ ಕಾಂತಪ್ಪ ರೈಲ್ವೆ ವರ್ಕ್‌ಶಾಪಿನ ಫಿಟ್ಟರ್. ಕೆಲಸದಲ್ಲಿ ಅವರ ಬಲಗೈಯ ಮೂರು ಬೆರಳು ಹೋದ ವರ್ಷವೇ ಮಗಳ ಓದು ನಿಂತಿತು. "ಹೊಲಿಗೆ ಬಲ್ಲ ಹೆಂಗಸರು ಬೇಕಾಗಿದ್ದಾರೆ" ಎಂಬ ಜಾಹೀರಾತು ಕಂಡು, ರವಿಕೆ ಅಂಗಡಿಯೆಂದು ತಿಳಿದು ಹೋದವರು ಲ್ಯಾಬಿನಲ್ಲಿ ಕೂತರು. ಮೊದಲ ಆರು ತಿಂಗಳು ಬೇಡದ ತುಂಡುಗಳನ್ನು ಅಂಟಿಸುವ ಅಭ್ಯಾಸ. "ಗಂಡಸರಿಗೆ ಈ ಕೆಲಸ ಬರುದಿಲ್ಲಂತಲ್ಲ. ಹದಿನೈದು ಎಣಿಸುವಷ್ಟು ತಾಳ್ಮೆ ಬೇಕಲ್ಲ, ಅದು ಅವರ ಹತ್ರ ಇಲ್ಲ" ಎನ್ನುತ್ತಾರೆ. ಚಿತ್ರದ ಆರಂಭದಲ್ಲಿ ಸಾಲುಸಾಲಾಗಿ ಬರುವ ಹೆಸರುಗಳಲ್ಲಿ ಅವರ ಹೆಸರು ಇದುವರೆಗೆ ಬಂದಿಲ್ಲ. ಆ ಹೆಸರುಗಳನ್ನು ಅಂಟಿಸುವವರು ಮಾತ್ರ ಅವರೇ.

ಕಳೆದ ವರ್ಷ ಅವರ ಮೇಜಿಗೆ ‘ಕರಿಕಾಗದದ ಕಿಟಕಿ’ ಎಂಬ ಕನ್ನಡ ಚಿತ್ರ ಬಂತು. ಸಾವಿರದ ಒಂಬೈನೂರ ನಲವತ್ತೆರಡರ ಮದ್ರಾಸು. ಜಪಾನಿನ ವಿಮಾನ ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಜನ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿಕೊಂಡಿದ್ದ ಕಾಲ. ಎದುರುಬದುರು ಮನೆಯ ಇಬ್ಬರು ಹುಡುಗಿಯರು ಆ ಕಾಗದಕ್ಕೆ ಪಿನ್ನಿನಿಂದ ತೂತು ಕೊರೆದು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಕಡೆಗೆ ಒಬ್ಬಳ ಮನೆಯವರು ಊರು ಬಿಡುತ್ತಾರೆ. ರೈಲಿನ ಕಿಟಕಿಯಿಂದ ಅವಳು ಕೈ ಬೀಸುತ್ತಾಳೆ. ಪ್ಲಾಟ್‌ಫಾರಮಿನಲ್ಲಿ ನಿಂತವಳು ಸುಮ್ಮನೆ ನೋಡುತ್ತಾಳೆ. ಆಮೇಲೆ ಖಾಲಿ ಹಳಿ.

ಪರದೆಯ ಮೇಲೆ ಇರುವುದು ಹೀಗೆ. ತೆಗೆದದ್ದು ಹೀಗಲ್ಲ.

ತೆಗೆದಾಗ ಪ್ಲಾಟ್‌ಫಾರಮಿನ ಹುಡುಗಿ ಬಹಳ ಹೊತ್ತು ನಿಂತು, ಕಟ್ಟಕಡೆಗೆ ತಾನೂ ಕೈ ಎತ್ತಿದ್ದಳು. ಆ ತುಂಡಿನ ಅಂಚಿನ ನಂಬರು ಹುಡುಕುತ್ತಿದ್ದ ಜಲಜಾಕ್ಷಿ ಎಂಟು ವರ್ಷ ಪಾಲಿಸಿಕೊಂಡು ಬಂದಿದ್ದ ನೇಮವನ್ನು ಆ ಬೆಳಿಗ್ಗೆ ಮುರಿದರು. ಚಿತ್ರ ನೋಡಿದರು.

"ನನಗೂ ಒಬ್ಬಳು ಇದ್ದಳು," ಎನ್ನುತ್ತಾರೆ. "ಸುಗುಣಾ ಅಂತ. ಪೆರಂಬೂರಿನಲ್ಲಿ ನಮ್ಮ ಗೋಡೆ ಅವರ ಗೋಡೆ ಒಂದೇ. ನಲವತ್ತೆರಡರಲ್ಲಿ ಅವಳ ಅಪ್ಪ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದ. ನಮ್ಮದು ಕಲ್ಲಾಟದ ಐದು ಕಲ್ಲು ಇತ್ತು, ಅದರಲ್ಲಿ ಒಂದನ್ನು ಅವಳು ಕೊಡದೆ ಹೊರಟಳು. ನನಗೆ ಸಿಟ್ಟು. ಸ್ಟೇಷನ್ನಿಗೆ ಹೋದೆ, ಆದ್ರೆ ಅವಳು ಕೈ ಬೀಸುವಾಗ ಎರಡೂ ಕೈ ಹಿಂದೆ ಕಟ್ಟಿ ನಿಂತೆ. ಎಂಟು ವರ್ಷದ ಕೊಬ್ಬು ನೋಡಿ! ಅವರು ತಿರುಗಿ ಬರ್ಲಿಲ್ಲ. ಎಲ್ಲಿದ್ದಾಳೋ ಗೊತ್ತಿಲ್ಲ."

ಚಿತ್ರದ ಹುಡುಗಿ ಕೈ ಎತ್ತಿದಳಲ್ಲ! ಇನ್ನೊಮ್ಮೆ ನೋಡೋಣವೆಂದು ಜಲಜಾಕ್ಷಿ ಸುರುಳಿಯನ್ನು ಹಿಂದಕ್ಕೆ ತಿರುವಿದರು. ಮತ್ತೊಮ್ಮೆ ತಿರುವಿದರು. ಮೂರನೆಯ ಸಲ ಫಿಲ್ಮಿನ ಅಂಚಿನ ತೂತು ತಿರುಗುವ ಚಕ್ರದ ಹಲ್ಲಿಗೆ ಸಿಕ್ಕಿಬಿತ್ತು. ಕೈಗೆ ತಿಳಿಯುವಷ್ಟರಲ್ಲಿ ಫಿಲ್ಮು ಉದ್ದಕ್ಕೆ ಸೀಳಿತ್ತು. ಎರಡಡಿ ಮೂರಂಗುಲ. ಬಿಡಿ ಚಿತ್ರಗಳ ಮೂವತ್ತಾರು ಚೌಕ. ಪರದೆಯ ಮೇಲಾದರೆ ಒಂದೂವರೆ ಸೆಕೆಂಡು. ಸರಿಯಾಗಿ ಆ ಕೈ ಮೇಲೇಳುವಷ್ಟು ಹೊತ್ತು.

ಬಾಡಿಗೆಗೆ ತಂದ ರೈಲು ಮರಳಿ ಹೋಗಿತ್ತು, ಬಿಡುಗಡೆಗೆ ನಾಲ್ಕು ದಿನ ಉಳಿದಿತ್ತು. ಎಡಿಟರ್ ತಿರುಮಲೇಶ ಮೈಸೂರಿನವರು, ಬೈಯಬೇಕಾದಾಗ ನಶ್ಯ ಏರಿಸುವವರು. ಅಂದು ಎರಡು ಸಲ ಏರಿಸಿದರು. ಕೈ ಏಳುವ ಮುಂಚೆಯೇ ಕತ್ತರಿಸಿ, ರೈಲಿನ ಸದ್ದು ತಪ್ಪದ ಹಾಗೆ ಖಾಲಿ ಹಳಿಯನ್ನು ಮೂವತ್ತಾರು ಚೌಕ ಉದ್ದ ಮಾಡಿಸಿದರು. "ಸುಮ್ನಿರಿ ಜಲಜಾಕ್ಷಮ್ಮ, ನಿರ್ದೇಶಕರಿಗೆ ನಾನು ಹೇಳ್ಕೋತೀನಿ" ಎಂದರು. ಹೇಳಿಕೊಂಡರು ಕೂಡ. ನಿರ್ದೇಶಕರು ಒಂದು ದಿನ ಊಟ ಬಿಟ್ಟರು. ಬಿಡುಗಡೆಯಾದ ಮೇಲೆ ವಿಮರ್ಶೆ ಓದಿ ಹೊಟ್ಟೆ ತುಂಬ ಊಟ ಮಾಡಿದರು.

ಏಕೆಂದರೆ ವಿಮರ್ಶಕರು ಚಿತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಏಳದ ಆ ಕೈಯನ್ನೇ.

ಒಂದು ಭಾನುವಾರ ಬೆಳಿಗ್ಗೆ ಕನ್ನಡ ಸಂಘದವರು ಚಿತ್ರ ತೋರಿಸಿ ಚರ್ಚೆ ಇಟ್ಟುಕೊಂಡಿದ್ದರು. ತಿರುಮಲೇಶರು ಕೊಟ್ಟ ಪಾಸಿನಲ್ಲಿ ಜಲಜಾಕ್ಷಿ ಕಡೆಯ ಸಾಲಿನಲ್ಲಿ ಕೂತರು. ಬ್ಯಾಂಕಿನ ಅಧಿಕಾರಿ ಕಮಲಾಕರರು ಮೊದಲು ಎದ್ದರು. ಕಪ್ಪು ಕಾಗದವೆಂದರೆ ದೊಡ್ಡವರ ಕುರುಡು, ಪಿನ್ನಿನ ತೂತೆಂದರೆ ಮಕ್ಕಳ ಕಣ್ಣು ಎಂದರು. ಇದು ಸರಿಯಾಗಿಯೇ ಇತ್ತು. "ಆದರೆ ಇಡೀ ಯುದ್ಧ ಇರುವುದು ಏಳದ ಆ ಕೈಯಲ್ಲಿ" ಎಂದರು. ಇನ್ನೊಬ್ಬರು, ನಲವತ್ತೆರಡು ಎಂದ ಮೇಲೆ ಏಳದ ಕೈ ಬ್ರಿಟಿಷರೊಂದಿಗಿನ ಅಸಹಕಾರವೇ ಸರಿ ಎಂದರು. ಮೂರನೆಯವರು, ಖಾಲಿ ಹಳಿಯನ್ನು ಅಷ್ಟು ಹೊತ್ತು ತೋರಿಸುವ ಎದೆಗಾರಿಕೆ ನಮ್ಮಲ್ಲಿ ಬೇರೆ ಯಾರಿಗಿದೆ ಎಂದು ಕೇಳಿದರು. ನಿರ್ದೇಶಕರು ಇಪ್ಪತ್ತು ನಿಮಿಷ ಮಾತಾಡಿ ಮೂರು ಅರ್ಥಗಳನ್ನೂ ಒಪ್ಪಿಕೊಂಡು ನಾಲ್ಕನೆಯದೊಂದನ್ನು ಸೇರಿಸಿದರು.

ಮುಂದಿನ ಸಾಲಿನಲ್ಲಿ, ಚಿತ್ರದಲ್ಲಿ ತೊಟ್ಟಿದ್ದ ಚೌಕಳಿ ಫ್ರಾಕನ್ನೇ ತೊಟ್ಟು, ಪ್ಲಾಟ್‌ಫಾರಮಿನ ಹುಡುಗಿಯೂ ಕೂತಿದ್ದಳು. ಹೆಸರು ವಿನೋದಾ, ವಯಸ್ಸು ಒಂಬತ್ತು. ಸ್ಟುಡಿಯೋಗೆ ತಿಂಡಿಯ ಕ್ಯಾರಿಯರ್ ತಂದುಕೊಡುವ ಹೋಟೆಲ್ ಸಪ್ಲೈಯರ್ ಸುಬ್ರಾಯರ ಮಗಳು. ಪ್ರಶ್ನೆಗಳಿವೆಯೇ ಎಂದು ಕೇಳಿದಾಗ ಅವಳು ಎದ್ದು ನಿಂತಳು.

"ನಾನ್ ಕೈ ತೂಕ್ಕಿನೇನ್!" ಎಂದಳು. ಕನ್ನಡದವರ ಸಭೆಯೆಂದು ನೆನಪಾಗಿ ತಿದ್ದಿಕೊಂಡಳು. "ನಾನು ಕೈ ಎತ್ತಿದೆ. ನಿಜವಾಗ್ಲೂ ಎತ್ತಿದೆ."

ಸಭೆ ನಕ್ಕಿತು. ನಿರ್ದೇಶಕರು ಅವಳ ತಲೆ ಸವರಿ, "ಮಕ್ಕಳಿಗೆ ಮಾಡಬೇಕೆಂದುಕೊಂಡದ್ದೂ ಮಾಡಿದ್ದೂ ಒಂದೇ" ಎಂದರು. ಅದಕ್ಕೂ ಚಪ್ಪಾಳೆ ಬಿತ್ತು.

ಕಡೆಯ ಸಾಲಿನಲ್ಲಿ ಜಲಜಾಕ್ಷಿಯವರ ಪರ್ಸಿನೊಳಗೆ, ಬೆಣ್ಣೆಕಾಗದದಲ್ಲಿ ಸುತ್ತಿದ ಮೂವತ್ತಾರು ಚೌಕವಿತ್ತು. ಕಸದ ಬುಟ್ಟಿಗೆ ಹಾಕಲು ಅವರಿಗೆ ಕೈ ಬಂದಿರಲಿಲ್ಲ.

"ಅಲ್ಲಿ ಒಂದು ಮಾತು ಹೇಳ್ಬಹುದಿತ್ತಲ್ಲ?" ಎಂದು ಈಗ ತಮ್ಮನ್ನೇ ಕೇಳಿಕೊಳ್ಳುತ್ತಾರೆ. "ಅಷ್ಟು ಸಣ್ಣ ಮಗು ಎದ್ದು ನಿಂತಿದೆ, ಇಷ್ಟು ದೊಡ್ಡ ಹೆಂಗಸು ನಾನು ಪರ್ಸನ್ನು ಮಡಿಲಲ್ಲಿ ಒತ್ತಿ ಹಿಡಿದು ಕೂತಿದ್ದೇನೆ. ಕೆಲಸ ಹೋಗ್ತದೆ ಅಂತ ಹೆದರಿಕೆ ಒಂದು. ಅದಕ್ಕಿಂತ, ಅಷ್ಟು ಓದಿದವರೆಲ್ಲ ಒಳ್ಳೆಯದು ಅಂತಿದ್ದಾರೆ, ಅದು ನನ್ನ ಕೈತಪ್ಪು ಅಂತ ಹೇಳುದು ಹೇಗೆ ಅಂತ. ಮನೆಗೆ ಬಂದು ಎರಡು ದಿನ ಅನ್ನ ಸೇರ್ಲಿಲ್ಲ. ಬೆಳಿಗ್ಗೆ ಬಳೆ ಬಿಚ್ಚುವಾಗೆಲ್ಲ ಕೈ ನೋಡಿ ನಾಚಿಕೆ."

ಮೂರು ವಾರದ ನಂತರ ಅವರು ತಿರುಮಲೇಶರಿಗೆ ತಿಳಿಸಿ ತಿರುವಲ್ಲಿಕ್ಕೇಣಿಯ ವಠಾರವೊಂದಕ್ಕೆ ಹೋದರು. ಸುಬ್ರಾಯರು ಚಾಪೆ ಹಾಸಿ ಕಾಫಿ ತರಿಸಿದರು. ವಿಷಯ ಕೇಳಿ ಅವರ ಮುಖ ಇಳಿಯಿತು.

"ಎಂತದಕ್ಕ ನೀವು ಹೇಳುದು! ನೆಂಟರು ಹನ್ನೊಂದು ಜನರನ್ನು ಕಟ್ಟಿಕೊಂಡು ಥಿಯೇಟರಿಗೆ ಹೋಗಿದ್ದೆ. ಕೈ ಎತ್ತುತ್ತೇನೆ ನೋಡಿ, ನೋಡಿ ಅಂತ ಇವಳು ಎಲ್ಲರಿಗೂ ಹೇಳಿಟ್ಟಿದ್ದಳು. ವಠಾರದ ಮಕ್ಕಳು ಈಗ ಇವಳನ್ನು ಕಂಡರೆ ಕೈ ಹಿಂದೆ ಕಟ್ಟಿಕೊಂಡು ನಡೀತಾರೆ. ಸುಳ್ಳು ಹೇಳ್ತೀಯಾ ಅಂತ ನಾನೇ ಎರಡು ಬಾರಿಸಿದ್ದೇನೆ."

ಅವರು ಮಗಳ ಕಡೆ ನೋಡಲಾರದೆ ಕಾಫಿ ಲೋಟವನ್ನು ಅಲ್ಲಿಂದಿಲ್ಲಿಗೆ ಸರಿಸಿದರು. ವಿನೋದಾ ಸೀಳಿದ ಫಿಲ್ಮನ್ನು ಬಾಗಿಲ ಬೆಳಕಿಗೆ ಹಿಡಿದಳು. ಬಿಳಿ ಕೂದಲು, ಕಪ್ಪು ಮುಖ, ಮೇಲೆ ಬರುತ್ತಿರುವ ಕಪ್ಪು ಕೈ.

"ಪಾಟ್ಟಿ ಮಾದಿರಿ ಇರುಕ್ಕೇನ್, ಅತ್ತೆ!" ಎಂದು ನಕ್ಕಳು. ತಾನು ಅಜ್ಜಿಯಾಗಿರುವುದು ಅವಳಿಗೆ ಮೋಜೆನಿಸಿತು. ಒಂದೊಂದೇ ಚೌಕ ಬೆರಳಿಟ್ಟು ಎಣಿಸಿ, ಮೂವತ್ತಾರನೆಯದರಲ್ಲಿ ಕೈ ಪೂರ್ತಿ ಮೇಲೆ ಬಂದದ್ದನ್ನು ಅಪ್ಪನಿಗೆ ತೋರಿಸಿದಳು. ಆಮೇಲೆ ವಠಾರದ ಮಕ್ಕಳನ್ನು ಕರೆದು ತೋರಿಸಿದಳು. ಅವರು ಕಣ್ಣು ಕಿರಿದು ಮಾಡಿ ನೋಡಿ, ಇದು ಯಾವುದೋ ಮುದುಕಿ, ನೀನಲ್ಲ ಎಂದರು. ಹುಡುಗಿ ಫಿಲ್ಮನ್ನು ಮಡಿಸದೆ ಜಲಜಾಕ್ಷಿಯವರ ಕೈಗೇ ತಿರುಗಿ ಕೊಟ್ಟು ಕೇಳಿದಳು:

"ಎಲ್ಲರಿಗೂ ಗೊತ್ತಾಗೋ ಹಾಗೆ ಏನ್ ಮಾಡೋದು, ಅತ್ತೆ?"

ತಮ್ಮ ಕೆಲಸದ ಬಗ್ಗೆ ಪತ್ರಿಕೆಯಲ್ಲಿ ಬರುತ್ತದೆಂದು ತಿಳಿದಾಗ ಮೊದಲು ಬೇಡವೆಂದ ಜಲಜಾಕ್ಷಿ, ಮರುದಿನ ತಾವಾಗಿ ಹೇಳಿ ಕಳಿಸಿದ್ದು ಆ ಪ್ರಶ್ನೆಯ ಕಾರಣಕ್ಕೆ. ಇದು ಅಚ್ಚಾದರೆ ಅವರ ಕೆಲಸದ ಗತಿ ಏನಾದೀತೆಂದು ಕೇಳಿದರೆ ತಿರುಮಲೇಶರು ನಶ್ಯದ ಡಬ್ಬಿ ಮುಚ್ಚುತ್ತಾರೆ: "ಆಯಮ್ಮ ಹರಿದಿದ್ದು ಎರಡಡಿ ಕಣ್ರೀ. ಆ ಚಿತ್ರದಲ್ಲಿ ನಾನು ಬೇಕಂತಲೇ ಕತ್ತರಿಸಿ ಎಸೆದದ್ದು ಮೂರು ಸಾವಿರ ಅಡಿ. ಅದರ ಅರ್ಥ ಏನೂಂತ ಒಬ್ಬನಾದರೂ ಕೇಳಿದ್ನಾ?"

ಎಂಟು ಗಂಟೆ. ಕೋಣೆಗೆ ಬಿಸಿಲು ಕಾಲಿಡುತ್ತಿದೆ. ಜಲಜಾಕ್ಷಿ ಇಂದಿನ ನಲವತ್ತನೆಯ ಜೋಡಣೆಯನ್ನು ಒತ್ತಿ ಹಿಡಿದು ಹದಿನೈದು ಎಣಿಸುತ್ತಾರೆ, ಬಿಟ್ಟು, ಬೆಳಕಿಗೆ ಹಿಡಿಯುತ್ತಾರೆ. ಗೆರೆ ಕೂದಲಿಗಿಂತ ಸಣ್ಣ.

"ಆ ಜಾಗದ ಜಾಯಿಂಟನ್ನೂ ನಾನೇ ಹಾಕಿದ್ದು," ಎನ್ನುತ್ತಾರೆ. "ಅಷ್ಟು ಜನ ಅಷ್ಟು ಅರ್ಥ ಹುಡುಕಿದ್ರಲ್ಲ, ಜಾಯಿಂಟು ಒಬ್ಬರಿಗೂ ಕಾಣ್ಲಿಲ್ಲ." ಹೇಳಿದ ಮರುಕ್ಷಣವೇ, ಹೆಮ್ಮೆಪಡಬಾರದ ಜಾಗದಲ್ಲಿ ಹೆಮ್ಮೆಪಟ್ಟೆನೆಂದು ತಲೆ ತಗ್ಗಿಸುತ್ತಾರೆ.

ಇನ್ನೇನಾದರೂ ಬರೆಯಬೇಕೇ ಎಂಬ ಮಾತಿಗೆ ಅವರು ಕೈಗವಸು ಕಳಚಿ ಮೇಜಿನ ಮೇಲಿಟ್ಟು ಯೋಚಿಸುತ್ತಾರೆ.

"ಪ್ಲಾಟ್‌ಫಾರಮಿನಲ್ಲಿ ನಿಂತ ಹುಡುಗಿ ಕೈ ಎತ್ತಿದ್ದಳು ಅಂತ ಒಂದು ಸಾಲು ಹಾಕಿ. ವಿನೋದಾ ಅಂತ ಹೆಸರೂ ಹಾಕಿ. ಪೇಪರಿನಲ್ಲಿ ಜಾಗ ಸಾಲದೆ ಹೋದ್ರೆ ನನ್ನ ವಿಷಯ ಎಷ್ಟು ಬೇಕಾದ್ರೂ ಕತ್ತರಿಸಿ, ಎಂತ ತೊಂದರೆ ಇಲ್ಲ. ಆ ಸಾಲನ್ನು ಮಾತ್ರ ಕತ್ತರಿಸ್ಬೇಡಿ."